ಮನೆಯಲ್ಲಿಟ್ಟ ಹೊಸ ಟಯರಿಗೂ ವಯಸ್ಸಾಗುತ್ತದೆ

ಮಾನ್ಯ ಸಂಪಾದಕರೇ,

ಮೇ ತಿಂಗಳ ಕೊನೆಯ ಭಾಗದಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಪತ್ತನಾಜೆ ದಿನ ಸಮೀಪಿಸುತ್ತಿದ್ದಂತೆ ಉಡುಪಿ, ಮಂಗಳೂರು, ಕುಂದಾಪುರ, ಪುತ್ತೂರುಗಳ ಟಯರ್ ಅಂಗಡಿಗಳ ಮುಂದೆ ಬೈಕು, ಸ್ಕೂಟರುಗಳು ಸಾಲುಗಟ್ಟುವುದನ್ನು ನಾವೆಲ್ಲ ನೋಡುತ್ತೇವೆ. ಮಳೆ ಹಿಡಿಯುವ ಮುನ್ನ ಸವೆದ ಟಯರನ್ನು ಬದಲಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಆದರೆ ಆ ಸಾಲಿನಲ್ಲಿ ಇನ್ನೊಂದು ಬಗೆಯ ಗಿರಾಕಿಗಳೂ ಇರುತ್ತಾರೆ. ವಾಹನದಲ್ಲಿರುವ ಟಯರ್ ಇನ್ನೂ ಕೆಲವು ತಿಂಗಳು ಓಡೀತೆಂದು ಗೊತ್ತಿದ್ದರೂ, ಹೊಸದೊಂದು ಕೈಯಲ್ಲಿರಲಿ ಎಂದು ಕೊಂಡು, ಸೀಟಿನ ಹಿಂದೆ ಕಟ್ಟಿಕೊಂಡು ಮನೆಗೆ ಒಯ್ಯುವವರು ಇವರು. ಹೀಗೆ ಮನೆ ಸೇರಿದ ಟಯರ್ ಮುಂದೆ ಗಾಲಿಗೆ ಏರುವವರೆಗೆ ಎಲ್ಲಿ, ಹೇಗೆ ಇರುತ್ತದೆ, ಅಷ್ಟರಲ್ಲಿ ಅದಕ್ಕೆ ಏನಾಗುತ್ತದೆ ಎಂಬುದರ ಬಗ್ಗೆ ಅಂಗಡಿಯವರೂ ಹೇಳುವುದಿಲ್ಲ, ಕೊಂಡವರೂ ಕೇಳುವುದಿಲ್ಲ. ಐಟಿಐಯೊಂದರಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದ ನಾನು, ವಿದ್ಯಾರ್ಥಿಗಳ ಮತ್ತು ನೆರೆಹೊರೆಯವರ ಮನೆಗಳಲ್ಲಿ ಒಂದು ಕಿಲೋಮೀಟರನ್ನೂ ಓಡದೆ ಹಾಳಾದ ಟಯರುಗಳನ್ನು ಕಂಡು ಬೇಸರಪಟ್ಟಿದ್ದೇನೆ. ಆ ಕಾರಣಕ್ಕಾಗಿ ತಮ್ಮ ಪತ್ರಿಕೆಯ ಮೂಲಕ ಓದುಗರಲ್ಲಿ ಕೆಲವು ಮಾತುಗಳನ್ನು ನಿವೇದಿಸಿಕೊಳ್ಳುತ್ತಿದ್ದೇನೆ.

ಮುಂಗಡವಾಗಿ ಟಯರ್ ಕೊಳ್ಳುವುದನ್ನು ನಾನು ಆಕ್ಷೇಪಿಸುವುದಿಲ್ಲ, ಏಕೆಂದರೆ ಅದಕ್ಕೆ ಗಟ್ಟಿಯಾದ ಕಾರಣಗಳಿರುತ್ತವೆ. ಮುಂಜಾನೆ ಮನೆಮನೆಗೆ ಪತ್ರಿಕೆ ಹಾಕುವ ಹುಡುಗರು, ಮಲ್ಪೆ ಬಂದರಿನಿಂದ ಮೀನು ತುಂಬಿಕೊಂಡು ಒಳನಾಡಿನ ಹಳ್ಳಿಗಳಿಗೆ ಹೋಗುವವರು, ಊಟ ತಿಂಡಿ ತಲುಪಿಸುವ ಕೆಲಸದವರು ದಿನವಿಡೀ ರಸ್ತೆಯಲ್ಲಿರುವುದರಿಂದ ಅವರ ಹಿಂದಿನ ಟಯರ್ ಬೇಗ ಸವೆಯುತ್ತದೆ. ಗಾಡಿ ಒಂದು ದಿನ ನಿಂತರೆ ಆ ದಿನದ ಸಂಪಾದನೆಯೂ ನಿಲ್ಲುತ್ತದೆ. ಸುಳ್ಯ, ಬೆಳ್ತಂಗಡಿ, ಬೈಂದೂರು ಕಡೆಯವರಿಗೆ ತಮಗೆ ಬೇಕಾದ ಅಳತೆಯ ಟಯರ್ ಹತ್ತಿರದ ಪೇಟೆಯಲ್ಲಿ ಬೇಕೆಂದಾಗ ಸಿಗುವುದಿಲ್ಲ. 1996ರಲ್ಲೇ ತಯಾರಿಕೆ ನಿಂತ ಯಮಾಹಾ ಆರ್‌ಎಕ್ಸ್ 100 ಬೈಕನ್ನು ಇಂದಿಗೂ ಜತನದಿಂದ ಉಳಿಸಿಕೊಂಡಿರುವವರು, ಒಳ್ಳೆಯ ಟಯರ್ ಕಣ್ಣಿಗೆ ಬಿದ್ದಾಗ ಜೋಡಿಯನ್ನೇ ಕೊಂಡಿಡುತ್ತಾರೆ. ಗಲ್ಫ್‌ನಲ್ಲಿ ದುಡಿಯುವವರು ರಜೆಯಲ್ಲಿ ಊರಿಗೆ ಬಂದಾಗ, ಮುಂದಿನ ರಜೆಗೆ ಬೇಕಾಗುತ್ತದೆಂದು ಈಗಲೇ ತಂದಿಟ್ಟು ಹೋಗುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಟಯರ್ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದ ಮೇಲೆ, ಹಬ್ಬದ ರಿಯಾಯಿತಿಯೂ ಸೇರಿಕೊಂಡು, ಒಂದರ ಬದಲು ಎರಡು ಒಯ್ದವರನ್ನೂ ನೋಡಿದ್ದೇನೆ. ಮಳೆಗಾಲಕ್ಕೆ ಸೌದೆ, ಹಪ್ಪಳ, ಒಣಮೀನು ಕೂಡಿಟ್ಟುಕೊಂಡು ಬಂದ ಕರಾವಳಿಯ ಮನೆಗಳಿಗೆ ಮುಂದಾಲೋಚನೆಯನ್ನು ಯಾರೂ ಕಲಿಸಬೇಕಾಗಿಲ್ಲ. ಹಪ್ಪಳದ ಡಬ್ಬಿಗೆ ತೋರುವ ಎಚ್ಚರವನ್ನು ಸಾವಿರಾರು ರೂಪಾಯಿಯ ಟಯರಿಗೆ ತೋರುವುದಿಲ್ಲವಲ್ಲ ಎಂಬುದೇ ನನ್ನ ಕಳವಳ.

ಸಾಮಾನ್ಯವಾಗಿ ಟಯರ್ ಹೋಗಿ ಸೇರುವ ಜಾಗಗಳನ್ನು ಓದುಗರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ತಾರಸಿಯ ಮೇಲೆ ಹಾಕಿಸಿದ ತಗಡಿನ ಶೀಟಿನ ಅಡಿ, ಹಂಚಿನ ಮನೆಯ ಅಟ್ಟ, ಬಾವಿಯ ಬಳಿಯ ಪಂಪ್ ಶೆಡ್, ಬಚ್ಚಲ ಒಲೆಯ ಪಕ್ಕದ ಸೌದೆಯ ಮೂಲೆ, ಜಗಲಿಯ ಗೋಡೆಗೆ ಹೊಡೆದ ಮೊಳೆ. ಫ್ಲ್ಯಾಟುಗಳಲ್ಲಾದರೆ ಬಾಲ್ಕನಿ, ಇಲ್ಲವೇ ಕೆಳಗಿನ ಪಾರ್ಕಿಂಗಿನಲ್ಲಿರುವ ವಿದ್ಯುತ್ ಮೀಟರಿನ ಕೋಣೆ. ಮನೆಯೊಳಗೆ ತಂದರೆ ರಬ್ಬರಿನ ವಾಸನೆ ಬರುತ್ತದೆ ಎಂಬುದು ಇದಕ್ಕೆ ಒಂದು ಕಾರಣ. ಹೇಗಿದ್ದರೂ ರಸ್ತೆಯಲ್ಲಿ ಬಿಸಿಲು ಮಳೆ ತಿನ್ನಬೇಕಾದ ವಸ್ತು, ಹೊರಗಿದ್ದರೆ ಅದಕ್ಕೇನಾದೀತು ಎಂಬ ನಂಬಿಕೆ ಇನ್ನೊಂದು. ಈ ನಂಬಿಕೆ ಸರಿಯಲ್ಲ. ಮೇಲೆ ಹೇಳಿದ ಪ್ರತಿಯೊಂದು ಜಾಗವೂ ರಬ್ಬರಿಗೆ ಒಂದಲ್ಲ ಒಂದು ರೀತಿಯಲ್ಲಿ ಹಾನಿ ಮಾಡುವಂಥದ್ದು.

ಟಯರಿನ ಮುಪ್ಪು ಅದು ಕಾರ್ಖಾನೆಯ ಅಚ್ಚಿನಿಂದ ಹೊರಬಂದ ದಿನದಿಂದಲೇ ಆರಂಭವಾಗುತ್ತದೆ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಅದರ ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡು, ಬಲವೂ ಪುಟಿಯುವ ಗುಣವೂ ಬರುತ್ತವೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ಈ ವಿಧಾನವೇ ಇಂದಿಗೂ ಟಯರ್ ತಯಾರಿಕೆಯ ತಳಹದಿಯಾಗಿದೆ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಸುತ್ತಲಿನ ಕಾವು ಸೇರಿ ಈ ಬೆಸುಗೆಯನ್ನು ಆಮೇಲೂ ಬೆಳೆಸುತ್ತಲೇ ಹೋಗುವುದರಿಂದ, ವರ್ಷ ಕಳೆದಂತೆ ರಬ್ಬರ್ ಗಡುಸಾಗುತ್ತದೆ. ಗಡುಸಾದ ಟಯರ್ ನೋಡಲು ಹೊಸದಾಗಿಯೇ ಇರುತ್ತದೆ, ಗ್ರಿಪ್ಪಿನ ಆಳವೂ ಪೂರ್ತಿ ಉಳಿದಿರುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಹಿಡಿತ ಸಿಗುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುವ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ. ಒಂದು ರಾಸಾಯನಿಕ ಕ್ರಿಯೆಯ ವೇಗ ಉಷ್ಣತೆ 10 ಡಿಗ್ರಿ ಏರಿದರೆ ಸ್ಥೂಲವಾಗಿ ಎರಡು ಪಟ್ಟಾಗುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದವರು, ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ತಾರಸಿಯ ತಗಡಿನಡಿಯ ಕಾವನ್ನು ನೆನೆದರೆ ಸಾಕು. ಕೋಣೆಯೊಳಗೆ ಹಲವು ವರ್ಷ ಗಟ್ಟಿಮುಟ್ಟಾಗಿ ಇರಬಹುದಾಗಿದ್ದ ಟಯರನ್ನು ಆ ಕಾವು ಬೇಗನೆ ಮುಗಿಸಿಬಿಡುತ್ತದೆ.

ತಯಾರಕರು ಇದಕ್ಕೆ ತಕ್ಕ ರಕ್ಷಣೆಯನ್ನು ರಬ್ಬರಿನಲ್ಲೇ ಬೆರೆಸಿರುತ್ತಾರೆ. ಟಯರಿಗೆ ಕಪ್ಪು ಬಣ್ಣ ಕೊಡುವ ಕಾರ್ಬನ್ ಬ್ಲಾಕ್ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಒಳಗಿನ ರಬ್ಬರನ್ನು ಕಾಯುತ್ತದೆ. ಮೇಣ ಮತ್ತು ಓಝೋನನ್ನು ತಡೆಯುವ ರಾಸಾಯನಿಕಗಳು ನಿಧಾನವಾಗಿ ಹೊರಮೈಗೆ ಒಸರಿ ಬಂದು ತೆಳುವಾದ ಪದರವಾಗಿ ನಿಲ್ಲುತ್ತವೆ. ಟಯರ್ ಓಡುತ್ತಿರುವಾಗ ಅದು ಮತ್ತೆ ಮತ್ತೆ ಬಾಗಿ ನಿಗುರುವುದರಿಂದ ಈ ಒಸರುವಿಕೆ ಚೆನ್ನಾಗಿ ನಡೆಯುತ್ತದೆ. ಸುಮ್ಮನೆ ಇಟ್ಟ ಟಯರಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಓಡುವ ಟಯರ್ ಬಿಸಿಲಿನಲ್ಲಿದ್ದೂ ಬಾಳುತ್ತದೆ, ಓಡದ ಟಯರ್ ಅದೇ ಬಿಸಿಲಿನಲ್ಲಿ ಬಿರುಕು ಬಿಡುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ. ಕೆಲವು ತಿಂಗಳು ಇಟ್ಟ ಟಯರಿನ ಮೈಮೇಲೆ ಕಂದು ಛಾಯೆ ಕಾಣಿಸಿಕೊಂಡಾಗ ಬಹಳ ಮಂದಿ ಗಾಬರಿಯಾಗಿ ಪೆಟ್ರೋಲ್ ಹಾಕಿ ಉಜ್ಜುವುದನ್ನು ನೋಡಿದ್ದೇನೆ. ಆ ಛಾಯೆ ಬರುವುದು ಒಳಗಿನಿಂದ ಒಸರಿದ ಆ ರಕ್ಷಕ ವಸ್ತುವಿನಿಂದಲೇ. ದಯವಿಟ್ಟು ಅದನ್ನು ಉಜ್ಜಿ ತೆಗೆಯಬೇಡಿ. ಪೆಟ್ರೋಲಂತೂ ರಬ್ಬರಿನ ಒಳಹೊಕ್ಕು ಅದನ್ನು ಉಬ್ಬಿಸುತ್ತದೆ. ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯಬಾರದೆಂದು ಗಾಡಿಗಳಿಗೆ ಡೀಸೆಲ್, ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ಪದ್ಧತಿ ನಮ್ಮಲ್ಲಿದೆಯಷ್ಟೆ. ಅದೇ ಬಟ್ಟೆಯಿಂದ ಟಯರಿಗೂ ಒಂದು ಕೈ ಒರೆಸಿ ಹೊಳಪು ಬರಿಸುವವರು ಅದರ ಆಯುಷ್ಯವನ್ನು ತಾವೇ ಕಡಿಮೆ ಮಾಡುತ್ತಿದ್ದಾರೆ. ಸೀಮೆಎಣ್ಣೆಯ ಕ್ಯಾನು, ಪೇಂಟು, ಟರ್ಪಂಟೈನ್ ಇಟ್ಟ ಕಪಾಟಿನ ಬಳಿಯೂ ಟಯರ್ ಇಡಬಾರದು, ಅವುಗಳ ಆವಿಯೂ ಒಳ್ಳೆಯದಲ್ಲ.

ಓಝೋನ್ ಎಂದೊಡನೆ ಆಕಾಶದ ಮೇಲಿನ ಪದರ ನೆನಪಾಗುತ್ತದೆ. ಆದರೆ ವಿದ್ಯುತ್ ಕಿಡಿ ಹಾರುವ ಕಡೆಯಲ್ಲೆಲ್ಲ ಅದು ಅಲ್ಪಸ್ವಲ್ಪ ಹುಟ್ಟುತ್ತದೆ, ಮತ್ತು ರಬ್ಬರಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಕಾರ್ಬನ್ ಬ್ರಷ್ ಇರುವ ಮೋಟಾರುಗಳು, ವೆಲ್ಡಿಂಗ್ ಯಂತ್ರ, ಕಿಡಿ ಹಾರಿಸುವ ಹಳೆಯ ಸ್ವಿಚ್ಚು ಸ್ಟಾರ್ಟರುಗಳ ಪಕ್ಕದಲ್ಲಿಟ್ಟ ಟಯರಿನ ಪಕ್ಕೆಯಲ್ಲಿ, ರಬ್ಬರ್ ಎಳೆತಕ್ಕೆ ಸಿಕ್ಕಿದ ಜಾಗದಲ್ಲೇ, ಆ ಎಳೆತಕ್ಕೆ ಅಡ್ಡಲಾಗಿ ಕೂದಲೆಳೆಯಂತಹ ಬಿರುಕುಗಳು ಏಳುತ್ತವೆ. ಈ ‘ಎಳೆತಕ್ಕೆ ಸಿಕ್ಕಿದ ಜಾಗ’ ಎಂಬುದನ್ನು ಓದುಗರು ಗಮನಿಸಬೇಕು. ಮೊಳೆಗೆ ತೂಗುಹಾಕಿದ ಟಯರಿನ ಇಡೀ ಭಾರ ಒಂದೇ ಬಿಂದುವಿನ ಮೇಲೆ ಬಿದ್ದು, ರಿಮ್ಮಿಗೆ ಕೂರಬೇಕಾದ ಅಂಚು ಅಲ್ಲಿ ಬಾಗುತ್ತದೆ. ಬಿರುಕು ಮೊದಲು ಏಳುವುದು ಅಲ್ಲಿಯೇ. ಟ್ಯೂಬ್‌ಲೆಸ್ ಟಯರಿನಲ್ಲಿ ಗಾಳಿಯನ್ನು ಹಿಡಿದಿಡುವುದೇ ಆ ಅಂಚು ಎಂದಮೇಲೆ, ಬಾಗಿದ ಅಂಚಿನಿಂದ ಗಾಳಿ ಸೋರುವುದರಲ್ಲಿ ಆಶ್ಚರ್ಯವೇನಿದೆ? ಒಂದರ ಮೇಲೊಂದು ಪೇರಿಸಿಟ್ಟರೆ ಅಡಿಯ ಟಯರ್ ಚಪ್ಪಟೆಯಾಗಿ, ಅದರ ಎರಡು ಅಂಚುಗಳು ಹತ್ತಿರ ಬಂದು, ಕೊನೆಗೆ ರಿಮ್ಮಿಗೆ ಕೂರಿಸುವಾಗ ಪಂಕ್ಚರ್ ಅಂಗಡಿಯವರು ಹೆಣಗಾಡಬೇಕಾಗುತ್ತದೆ. ಮೀಟರ್ ಕೋಣೆಯ ಬಗ್ಗೆ ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಟಯರಿಗೆ ಹತ್ತಿದ ಬೆಂಕಿ ಸುಲಭವಾಗಿ ಆರುವುದಿಲ್ಲ, ಅದರ ಹೊಗೆ ದಟ್ಟವೂ ವಿಷಕಾರಿಯೂ ಆಗಿರುತ್ತದೆ. ಆದ್ದರಿಂದ ವಸತಿ ಸಮುಚ್ಚಯಗಳ ಸಂಘದವರು ಮೀಟರ್ ಕೋಣೆಯಲ್ಲಾಗಲಿ ಮೆಟ್ಟಿಲಿನ ಅಡಿಯಲ್ಲಾಗಲಿ ಟಯರ್ ಇಡಲು ಬಿಡಲೇಬಾರದು.

ಹಾಗಾದರೆ ಎಲ್ಲಿಡಬೇಕು? ಮನೆಯೊಳಗೆ, ಬಿಸಿಲು ನೇರವಾಗಿ ಬೀಳದ, ಒಲೆಯಿಂದಲೂ ಮೋಟಾರಿನಿಂದಲೂ ದೂರವಿರುವ, ಮನೆಯಲ್ಲೇ ತಂಪಾಗಿರುವ ಕೋಣೆಯಲ್ಲಿ. ಹಳೆಯ ಮನೆಗಳಲ್ಲಾದರೆ ಅಟ್ಟಕ್ಕಿಂತ ಅದರ ಕೆಳಗಿನ ಕತ್ತಲೆ ಕೋಣೆಯೇ ಮೇಲು. ನಿಲ್ಲಿಸಿಡಲು ಜಾಗವಿದ್ದರೆ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ ನೆಲಕ್ಕೆ ತಾಗುವ ಭಾಗವನ್ನು ಬದಲಿಸಬೇಕು. ಫ್ಲ್ಯಾಟಿನವರು ಒಂದೇ ಒಂದು ಟಯರನ್ನು, ಮೇಲೆ ಯಾವ ಭಾರವನ್ನೂ ಹೇರದೆ, ಮಂಚದ ಅಡಿಯಲ್ಲಿ ಮಲಗಿಸಿಟ್ಟರೂ ತೊಂದರೆಯಿಲ್ಲ. ಹಲಗೆ ಏಕೆಂದರೆ, ಜುಲೈ-ಆಗಸ್ಟ್ ನಡುವೆ ಬರುವ ಆಟಿ ತಿಂಗಳಿನಲ್ಲಿ ನಮ್ಮ ಮನೆಗಳ ನೆಲ ಬೆವರುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ತೇವದ ವಿಚಾರದಲ್ಲಿ ನಮ್ಮ ಊರಿಗೆ ಹೊಂದುವಂತೆ ಕೊಂಚ ಬೇರೆಯಾಗಿ ಯೋಚಿಸಬೇಕಾಗುತ್ತದೆ. ಟಯರನ್ನು ಬೆಳಕು ತೂರದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯನ್ನು ಹೊರಹಿಂಡಿ ಬಿಗಿಯಾಗಿ ಕಟ್ಟಿಡಬೇಕೆಂಬ ಸಲಹೆ ಹೊರದೇಶಗಳಲ್ಲಿ ಪ್ರಚಲಿತವಾಗಿದೆ. ಹಾಗೆ ಮಾಡಿದರೆ ಆಮ್ಲಜನಕ, ಓಝೋನ್ ಎರಡೂ ಕಡಿಮೆ ತಾಗುತ್ತವೆ, ರಬ್ಬರಿನೊಳಗಿನ ಎಣ್ಣೆಯಂಶವೂ ಆರಿಹೋಗುವುದಿಲ್ಲ, ಮನೆಯೊಳಗೆ ವಾಸನೆಯೂ ಹರಡುವುದಿಲ್ಲ. ಸಲಹೆ ಸರಿಯಾದುದೇ. ಆದರೆ ಜುಲೈ ತಿಂಗಳಿನಲ್ಲಿ, ಒಗೆದ ಬಟ್ಟೆಯೇ ಮೂರು ದಿನ ಆರದ ಹವೆಯಲ್ಲಿ, ಒದ್ದೆ ಟಯರನ್ನು ಹಾಗೆ ಕಟ್ಟಿಟ್ಟರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಟಯರಿನ ಅಂಚಿನೊಳಗೆ ಉಕ್ಕಿನ ತಂತಿಯಿದೆ. ಅಂಚಿನ ರಬ್ಬರ್ ಒಂದಿಷ್ಟು ಹರಿದಿದ್ದರೂ ತಂತಿಗೆ ತುಕ್ಕು ಹಿಡಿಯಲು ಅಷ್ಟು ಸಾಕು. ಅಂಗಡಿಯಿಂದ ಮಳೆಯಲ್ಲಿ ತಂದ ಟಯರನ್ನು ಮೊದಲು ಒಣಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ಫ್ಯಾನಿನ ಗಾಳಿಯಲ್ಲಿ ಪೂರ್ತಿ ಆರಿಸಿ, ಆಮೇಲಷ್ಟೇ ಕಪ್ಪು ಚೀಲದಲ್ಲಿ ಕಟ್ಟಬೇಕು. ಸುಳ್ಯ ಸುತ್ತಮುತ್ತಲಿನ ರಬ್ಬರ್ ಬೆಳೆಗಾರರಿಗೆ ಈ ಮಾತು ಹೊಸದಲ್ಲ. ಶೀಟನ್ನು ಹೊಗೆಮನೆಯಲ್ಲಿ ಒಣಗಿಸಿದ ಮೇಲೂ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದಂತೆ ಅವರು ಎಷ್ಟು ಪಾಡು ಪಡುತ್ತಾರೆಂಬುದನ್ನು ಕಂಡವರೇ ಬಲ್ಲರು. ಟ್ಯೂಬನ್ನೂ ಜೊತೆಗೆ ಕೊಂಡಿದ್ದರೆ ಅದನ್ನು ಅದರ ಪೆಟ್ಟಿಗೆಯಲ್ಲೇ ಬಿಡುವುದು ಲೇಸು. ಹೊರತೆಗೆದರೆ ಟಾಲ್ಕಂ ಪೌಡರ್ ಸವರಿ, ಗಟ್ಟಿಯಾಗಿ ಮಡಚದೆ ಇಡಬೇಕು, ಮಡಿಕೆ ಬಿದ್ದಲ್ಲೇ ಟ್ಯೂಬ್ ಮೊದಲು ಸೀಳುತ್ತದೆ.

ಇಷ್ಟೆಲ್ಲ ಟಯರಿನ ಆರೋಗ್ಯದ ಮಾತಾಯಿತು. ಅದಕ್ಕಿಂತ ಮುಖ್ಯವಾದದ್ದು ಮನೆಯವರ ಆರೋಗ್ಯ. ಅಂಗಳದಲ್ಲೋ ತಾರಸಿಯಲ್ಲೋ ಬಿಟ್ಟ ಟಯರಿನೊಳಗೆ ಒಂದು ಮಳೆಗೆ ನಿಂತ ನೀರು ಹೇಗೆ ಬೋರಲು ಹಾಕಿದರೂ ಪೂರ್ತಿ ಹೊರಗೆ ಬರುವುದಿಲ್ಲ, ಅದರ ಆಕಾರವೇ ಹಾಗಿದೆ. ಒಳಗಿನ ಕತ್ತಲೆ, ಕಪ್ಪು ಬಣ್ಣ, ಗಾಳಿಗೆ ಬಂದು ಬಿದ್ದ ಒಂದೆರಡು ಎಲೆ, ಇವೆಲ್ಲವೂ ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆಗೆ ಬೇಕಾದ ವಾತಾವರಣವನ್ನು ಒದಗಿಸಿಬಿಡುತ್ತವೆ. ಈ ಸೊಳ್ಳೆ ಮೊಟ್ಟೆಯನ್ನು ನೀರಿನಲ್ಲಿ ತೇಲಿಬಿಡುವುದಿಲ್ಲ. ನೀರಿನ ಅಂಚಿಗಿಂತ ತುಸು ಮೇಲೆ, ಟಯರಿನ ಒಳಗೋಡೆಗೆ ಅಂಟಿಸಿ ಹೋಗುತ್ತದೆ. ಅಲ್ಲಿಂದ ವಾರ ಹತ್ತು ದಿನಗಳಲ್ಲಿ ಹೊಸ ಸೊಳ್ಳೆ ಹಾರಿಹೋಗಬಹುದು. ನೀರು ಬತ್ತಿದರೆ ಮೊಟ್ಟೆ ಸಾಯುತ್ತದೆಂದು ತಿಳಿದವರು ಬಹಳ ಮಂದಿ ಇದ್ದಾರೆ. ಸಾಯುವುದಿಲ್ಲ. ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತಾಗಿದಾಗ ಅದು ಒಡೆದು ಮರಿಯಾಗುತ್ತದೆ. ಹೀಗಾಗಿ ಕಳೆದ ಮಳೆಗಾಲದಲ್ಲಿ ಹೊರಗಿದ್ದು ಈಗ ಒಣಗಿರುವ ಟಯರನ್ನು ಸುಮ್ಮನೆ ಒಳಗೆ ತಂದಿಟ್ಟರೆ ಸಾಲದು. ಸೋಪಿನ ನೀರು ಮತ್ತು ಗಡುಸು ಬ್ರಷ್ಷಿನಿಂದ ಒಳಭಾಗವನ್ನು ತಿಕ್ಕಿ ತೊಳೆಯಬೇಕು.

ಇದು ಹೆದರಿಸಲು ಹೇಳುವ ಮಾತಲ್ಲ. ಏಷ್ಯಾದ ಈಡಿಸ್ ಆಲ್ಬೋಪಿಕ್ಟಸ್ ಎಂಬ ಸೊಳ್ಳೆ 1985ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ನೆಲೆಯೂರಿರುವುದು ಪತ್ತೆಯಾದಾಗ, ಅದು ಸಮುದ್ರ ದಾಟಿ ಬಂದದ್ದು ಹಡಗಿನಲ್ಲಿ ಆಮದಾದ ಹಳೆಯ ಟಯರುಗಳೊಳಗಿನ ಮೊಟ್ಟೆಗಳ ಮೂಲಕ ಎಂಬ ತೀರ್ಮಾನಕ್ಕೆ ತಜ್ಞರು ಬಂದರು. ಹಡಗಿನ ಪ್ರಯಾಣವನ್ನೇ ತಾಳಿಕೊಂಡ ಮೊಟ್ಟೆಗೆ ನಮ್ಮ ಮನೆಯ ಒಂದು ಬೇಸಿಗೆ ದೊಡ್ಡದಲ್ಲ. ಅದೇ ಸೊಳ್ಳೆ ನಮ್ಮ ರಬ್ಬರ್ ತೋಟಗಳಲ್ಲೂ ಹುಟ್ಟುತ್ತದೆ ಎಂಬ ಕಾರಣಕ್ಕೇ, ಹಾಲು ಸಂಗ್ರಹಿಸುವ ಚಿಪ್ಪುಗಳನ್ನು ಟ್ಯಾಪಿಂಗ್ (ಮರ ಗೀರಿ ಹಾಲು ತೆಗೆಯುವ ಕೆಲಸ) ಇಲ್ಲದ ದಿನಗಳಲ್ಲಿ ಬೋರಲು ಹಾಕಿಡುವಂತೆ ಆರೋಗ್ಯ ಕಾರ್ಯಕರ್ತರು ಹೇಳುತ್ತಾ ಬಂದಿದ್ದಾರೆ. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ ಎಷ್ಟು ವ್ಯಾಪಕವಾಗಿ ಹರಡಿತ್ತೆಂಬುದನ್ನು, ಎಷ್ಟು ಮನೆಗಳು ಆತಂಕದಲ್ಲಿ ದಿನ ಕಳೆದವೆಂಬುದನ್ನು ನಾವು ಇನ್ನೂ ಮರೆತಿಲ್ಲ. 2024ರಲ್ಲಿ ರಾಜ್ಯ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಆಸ್ಪದ ಕೊಡುವ ಮನೆಗಳಿಗೆ ನಗರಗಳಲ್ಲಿ 400, ಗ್ರಾಮಗಳಲ್ಲಿ 200 ರೂಪಾಯಿ ದಂಡವನ್ನೂ ಗೊತ್ತುಪಡಿಸಿತು. ದಂಡದ ಮೊತ್ತ ಸಣ್ಣದು. ಆಸ್ಪತ್ರೆಯ ಹಾಸಿಗೆಯಲ್ಲಿ ಮಗುವಿನ ಪ್ಲೇಟ್‌ಲೆಟ್ ಎಣಿಕೆಗಾಗಿ ಕಾಯುವ ತಂದೆತಾಯಿಯರ ಸಂಕಟ ಸಣ್ಣದಲ್ಲ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಹೂಕುಂಡ, ಡ್ರಮ್ಮು, ಎಳನೀರಿನ ಚಿಪ್ಪುಗಳನ್ನು ತೋರಿಸಿ ಎಚ್ಚರಿಸುವಾಗ, ‘ಹೊಸ ಟಯರ್ ತಂದಿಟ್ಟಿದ್ದೀರಾ, ಎಲ್ಲಿಟ್ಟಿದ್ದೀರಿ’ ಎಂದು ಒಂದು ಮಾತು ಕೇಳಿದರೆ ಬಹಳ ಉಪಕಾರವಾಗುತ್ತದೆ. ಹಳೆಯದನ್ನು ಕಸವೆಂದು ಎಸೆಯಲು ಒಪ್ಪುವವರು ಹೊಸದನ್ನು ಆಸ್ತಿಯೆಂದು ಜೋಪಾನವಾಗಿ ತಾರಸಿಯಲ್ಲೇ ಇಟ್ಟುಕೊಳ್ಳುತ್ತಾರೆ. ಸೊಳ್ಳೆಗೆ ಎರಡರ ನಡುವೆ ಯಾವ ವ್ಯತ್ಯಾಸವೂ ಇಲ್ಲ.

ಇನ್ನು ಕೊಳ್ಳುವಾಗಲೇ ಮಾಡಬೇಕಾದ ಒಂದು ಕೆಲಸವಿದೆ. ಟಯರಿನ ಪಕ್ಕೆಯ ಮೇಲೆ ಅಕ್ಷರ ಅಂಕಿಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 2125 ಎಂದಿದ್ದರೆ 2025ನೇ ವರ್ಷದ 21ನೇ ವಾರ, ಅಂದರೆ ಮೇ ತಿಂಗಳ ದ್ವಿತೀಯಾರ್ಧ. ಕೆಲವೊಮ್ಮೆ ಈ ಅಂಕಿಗಳು ಒಂದು ಪಕ್ಕೆಯಲ್ಲಿ ಮಾತ್ರ ಇರುವುದರಿಂದ ಟಯರನ್ನು ತಿರುಗಿಸಿ ಎರಡೂ ಕಡೆ ಹುಡುಕಬೇಕು. ಮೈಮೇಲೆ ರಬ್ಬರಿನ ಸಣ್ಣ ಎಳೆಗಳು ಎದ್ದು ನಿಂತಿದ್ದರೆ ಟಯರ್ ಹೊಸದು ಎಂದು ಅಂಗಡಿಯಲ್ಲಿ ತೋರಿಸುವುದುಂಟು. ಅವು ಅಚ್ಚಿನ ಗಾಳಿರಂಧ್ರಗಳಲ್ಲಿ ಹುಟ್ಟಿದ ಎಳೆಗಳಷ್ಟೆ. ಟಯರ್ ಓಡಿಲ್ಲವೆಂಬುದನ್ನು ಹೇಳುತ್ತವೆಯೇ ಹೊರತು ಯಾವಾಗ ತಯಾರಾಯಿತೆಂಬುದನ್ನು ಹೇಳಲಾರವು. ಐಎಸ್‌ಐ ಗುರುತನ್ನೂ ನೋಡಿಕೊಳ್ಳಬೇಕು. ದ್ವಿಚಕ್ರ, ತ್ರಿಚಕ್ರ ವಾಹನಗಳ ಟಯರಿಗೆ ಐಎಸ್ 15627 ಎಂಬ ಭಾರತೀಯ ಮಾನಕವಿದೆ. ಕೂಡಲೇ ಹಾಕಿಸುವುದಾದರೆ ಕೆಲವು ತಿಂಗಳ ಹಿಂದೆ ತಯಾರಾದ ಟಯರಿನಿಂದ ಯಾವ ನಷ್ಟವೂ ಇಲ್ಲ. ಆದರೆ ಮನೆಯಲ್ಲಿ ಇಟ್ಟುಕೊಳ್ಳಲೆಂದು ಕೊಳ್ಳುವವರು, ಅಂಗಡಿಯ ಗೋದಾಮಿನಲ್ಲಿ ಆಗಲೇ ಎರಡು ಮೂರು ವರ್ಷ ಕಳೆದ ಟಯರನ್ನು ಹೆಚ್ಚಿನ ರಿಯಾಯಿತಿಗೆ ಸಿಗುತ್ತದೆಂದು ಒಪ್ಪಿಕೊಳ್ಳಬಾರದು. ಜೋಡಿ ಟಯರುಗಳಿದ್ದರೆ ಯಾವುದು ಮೊದಲು ತಯಾರಾಯಿತೋ ಅದನ್ನೇ ಮೊದಲು ಹಾಕಿಸಬೇಕು; ಕಟ್ಟಿದ ಚೀಲದ ಮೇಲೆ ಆ ನಾಲ್ಕು ಅಂಕಿಗಳನ್ನು ಬರೆದ ಚೀಟಿ ಅಂಟಿಸಿದರೆ ಮರೆತುಹೋಗುವುದಿಲ್ಲ.

ಎಷ್ಟು ಕಾಲ ಇಡಬಹುದು ಎಂದು ನನ್ನನ್ನು ಕೇಳಿದವರಿದ್ದಾರೆ. ಮಿಶಲಿನ್‌ನಂತಹ ತಯಾರಕರು, ಬಳಕೆಗೆ ಬಂದು 5 ವರ್ಷವಾದ ಟಯರನ್ನು ವರ್ಷಕ್ಕೊಮ್ಮೆಯಾದರೂ ಪರಿಣತರಿಗೆ ತೋರಿಸಬೇಕು, ತಯಾರಾಗಿ 10 ವರ್ಷ ಕಳೆದುದನ್ನು ಸವೆಯದಿದ್ದರೂ ತೆಗೆದುಬಿಡಬೇಕು ಎನ್ನುತ್ತಾರೆ. ಆ ಹತ್ತು ವರ್ಷವನ್ನು ನಾಲ್ಕು ಚಕ್ರದ ಗಾಡಿಯವರು ಪರಿಗಣಿಸಲಿ. ಎರಡೇ ಚಕ್ರಗಳ ಮೇಲೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ, ಮಳೆಯಲ್ಲಿ ಸಾಗುವವರು ಅಷ್ಟು ದೂರ ಹೋಗಬಾರದು. ಒಳ್ಳೆಯ ರೀತಿಯಲ್ಲಿ ಇಟ್ಟರೂ ಎರಡು ಮಳೆಗಾಲಕ್ಕಿಂತ ಹೆಚ್ಚು ಕಾಲ ಮನೆಯಲ್ಲಿ ಇರಬೇಕಾಗುವ ಟಯರನ್ನು ಕೊಳ್ಳದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ; ಉಳಿಯುವ ಕೆಲವು ನೂರು ರೂಪಾಯಿಗೆ ಅಷ್ಟು ಕಾಯುವಷ್ಟು ಬೆಲೆಯಿಲ್ಲ. ಅಳತೆಯೇ ಸಿಗದ ಹಳೆಯ ಬೈಕಿನವರ ಕಷ್ಟ ಬೇರೆ, ಅವರು ಇಡಲೇಬೇಕಾಗುತ್ತದೆ, ಮತ್ತು ಸಾಮಾನ್ಯವಾಗಿ ಅವರೇ ಚೆನ್ನಾಗಿ ಇಡುತ್ತಾರೆ.

ಇಟ್ಟ ಟಯರನ್ನು ಹಾಕಿಸುವ ದಿನ, ಬೆಳಕಿನಲ್ಲಿ ಹಿಡಿದು, ಕೈಯಿಂದ ಬಾಗಿಸಿ ಗ್ರಿಪ್ಪಿನ ಸಂದುಗಳಲ್ಲೂ ಪಕ್ಕೆಯಲ್ಲೂ ಬಿರುಕು ಬಾಯಿ ತೆರೆಯುತ್ತದೆಯೇ ನೋಡಬೇಕು. ಒಳಮೈಯಲ್ಲಿ ತೇವ, ಇಲಿ ಕಡಿದ ಗುರುತು, ಅಂಚಿನಲ್ಲಿ ತಂತಿ ಕಾಣುವಂತಹ ಹರಕು ಇದ್ದರೆ ಬಳಸಲೇಬಾರದು. ಪಕ್ಕೆಯಲ್ಲಿ ತಿರುಗುವ ದಿಕ್ಕಿನ ಬಾಣವಿದ್ದರೆ ಅದರಂತೆಯೇ ಕೂರಿಸುವಂತೆ ಹೇಳಬೇಕು. ಹೊಸ ಟಯರಿನ ಮೈ ನುಣುಪಾಗಿರುವುದರಿಂದ ಮೊದಲ 100-150 ಕಿಲೋಮೀಟರ್ ತಿರುವುಗಳಲ್ಲಿ ಗಾಡಿಯನ್ನು ಹೆಚ್ಚು ವಾಲಿಸದೆ, ಹಠಾತ್ತನೆ ಬ್ರೇಕ್ ಹಾಕದೆ ಓಡಿಸಬೇಕಾಗುತ್ತದೆ. ಈ ಕಾರಣಕ್ಕೇ, ಇಟ್ಟುಕೊಂಡ ಟಯರನ್ನು ಆಟಿಯ ಮಳೆಯ ನಡುವೆ ಹಾಕಿಸುವುದಕ್ಕಿಂತ ಮೇ ತಿಂಗಳಲ್ಲೇ ಹಾಕಿಸಿ ಒಣ ರಸ್ತೆಯಲ್ಲಿ ಒಂದಿಷ್ಟು ಓಡಿಸಿಬಿಡುವುದು ಜಾಣತನ. ದ್ವಿಚಕ್ರ ವಾಹನದ ಟಯರಿನ ಗ್ರಿಪ್ಪಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಹೇಳುತ್ತದೆ. ಹೊಸ ಟಯರ್ ಮನೆಯಲ್ಲಿ ಕಾಯುತ್ತಿರುವಾಗ ಹಳೆಯದನ್ನು ಆ ಗಡಿಯವರೆಗೂ ಸವೆಸುತ್ತಾ ಮಳೆಯಲ್ಲಿ ಓಡಾಡುವ ಯುವಕರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ. ಕಾಪಾಡಿಟ್ಟ ಟಯರಿನ ಉಪಯೋಗ ಅವರ ಪ್ರಾಣಕ್ಕೆ ಬೇಕಾದ ಹೊತ್ತಿನಲ್ಲಿ ಆಗದಿದ್ದರೆ ಇನ್ನು ಯಾವಾಗ ಆಗಬೇಕು?

ತೆಗೆದ ಹಳೆಯ ಟಯರನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಒಳ್ಳೆಯದು. ಹಳೆಯ ಟಯರುಗಳ ಮರುಬಳಕೆಯ ಹೊಣೆಯನ್ನು 2022ರ ಕೇಂದ್ರದ ನಿಯಮಗಳು ತಯಾರಕರ ಮೇಲೆ ಹಾಕಿವೆ. ಅಂಗಡಿ, ಗುಜರಿಗಳ ಮೂಲಕ ಹೋದರೆ ಅದು ಆ ದಾರಿಯನ್ನು ಸೇರುವ ಸಾಧ್ಯತೆ ಹೆಚ್ಚು. ಟಾರ್ಪಾಲು ಹಾರದಂತೆ ಹೇರಲೆಂದು ಮನೆಗೆ ತಂದವರು, ಮಲ್ಪೆ ಮತ್ತು ಮಂಗಳೂರು ದಕ್ಕೆಯಲ್ಲಿ ದೋಣಿಗಳ ಪಕ್ಕಕ್ಕೆ ಕಟ್ಟಲೆಂದು ಒಯ್ದು ದಡದಲ್ಲಿ ರಾಶಿ ಹಾಕಿದವರು, ಕನಿಷ್ಠ ಅದರ ಅಡಿಭಾಗದಲ್ಲಿ ನೀರು ಇಳಿದುಹೋಗುವಂತೆ ನಾಲ್ಕಾರು ತೂತುಗಳನ್ನಾದರೂ ಕೊರೆಯಬೇಕು.

ಕೊನೆಯದಾಗಿ, ಎರಡೂ ಜಿಲ್ಲೆಗಳ ಟಯರ್ ಮಾರಾಟಗಾರರಲ್ಲಿ ನನ್ನದೊಂದು ವಿನಂತಿ. ಬಿಲ್ಲಿನಲ್ಲಿ ಅಳತೆ ಮತ್ತು ಬೆಲೆಯ ಜೊತೆಗೆ ಟಯರಿನ ಮೇಲಿನ ಆ ನಾಲ್ಕು ಅಂಕಿಗಳನ್ನೂ ಬರೆದುಕೊಡಿ. ಹಾಕಿಸಿಕೊಳ್ಳದೆ ಮನೆಗೆ ಒಯ್ಯುವ ಗಿರಾಕಿಗೆ ‘ಒಣಗಿಸಿ, ಕಪ್ಪು ಚೀಲದಲ್ಲಿ ಕಟ್ಟಿ, ಮನೆಯೊಳಗೆ ಇಡಿ, ತಾರಸಿಯಲ್ಲಿ ಇಡಬೇಡಿ, ಮೊಳೆಗೆ ತೂಗುಹಾಕಬೇಡಿ’ ಎಂದು ಕನ್ನಡದಲ್ಲಿ ಅಚ್ಚು ಮಾಡಿಸಿದ ಒಂದು ಚೀಟಿಯನ್ನು ಟಯರಿಗೇ ಅಂಟಿಸಿ ಕಳುಹಿಸಿ. ಅದಕ್ಕೆ ತಗಲುವ ಖರ್ಚು ಹೆಚ್ಚಲ್ಲ. ಮೇ ತಿಂಗಳಿನಲ್ಲಿ ಛಾವಣಿ ದುರಸ್ತಿ, ಚರಂಡಿ ಸ್ವಚ್ಛತೆಯ ಬಗ್ಗೆ ತಮ್ಮ ಪತ್ರಿಕೆ ಪ್ರತಿವರ್ಷ ಪ್ರಕಟಿಸುವ ಸೂಚನೆಗಳ ಜೊತೆಗೆ ಇದಕ್ಕೂ ನಾಲ್ಕು ಸಾಲು ಜಾಗ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ,
ಉಡುಪಿ